ಬುದ್ಧಿಹಲ್ಲು ಕೀಳಿಸುವ ಮುನ್ನ ನರ ಎಲ್ಲಿದೆ ಎಂದು ಕೇಳಿ

ಕೆಳದವಡೆಯಲ್ಲಿ ಅಡ್ಡಲಾಗಿ ಹೂತ ಬುದ್ಧಿಹಲ್ಲಿಗೆ ‘ಲೇಸರ್ ಇದೆ, ಸಣ್ಣ ಗಾಯ, ಅರ್ಧ ಗಂಟೆಯ ಕೆಲಸ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಆ ಕೂಡಲೇ ಒಪ್ಪಬೇಡಿ. ವಿಜಯನಗರದ ಕಡೆಯ ಒಂದು ದಂತ ಚಿಕಿತ್ಸಾಲಯದಲ್ಲಿ ನನಗೆ ಹೇಳಿದ್ದು ಅಷ್ಟೇ. ಗಾಯವೇನೋ ಸಣ್ಣದೇ ಇತ್ತು, ಊತವೂ ಬೇಗ ಇಳಿಯಿತು. ಆದರೆ ಚುಚ್ಚುಮದ್ದಿನ ಜೋಮು ಕೆಲವೇ ಗಂಟೆಗಳಲ್ಲಿ ಬಿಡಬೇಕಿತ್ತು. ಮರುದಿನವೂ ಬಲಗಡೆಯ ಕೆಳತುಟಿ, ಗದ್ದ ಮರಗಟ್ಟಿಯೇ ಇದ್ದವು. ಕುಡಿದ ಕಾಫಿ ತುಟಿಯಂಚಿನಿಂದ ಇಳಿಯುತ್ತಿದ್ದದ್ದು ಸೆರಗು ಒದ್ದೆಯಾದಾಗಲೇ ಗೊತ್ತಾಗುತ್ತಿತ್ತು. ಗದ್ದಕ್ಕೆ ಅಂಟಿದ ಅನ್ನದ ಅಗುಳನ್ನು ಮಗಳು ತೋರಿಸಬೇಕಿತ್ತು. ಫೋನ್ ಮಾಡಿದರೆ ‘ಸರಿಹೋಗುತ್ತದೆ ಮೇಡಂ, ಬಿ-12 ಮಾತ್ರೆ ನುಂಗಿ’ ಎಂಬ ಉತ್ತರ. ತಿಂಗಳುಗಳು ಕಳೆದಿವೆ; ಗದ್ದದ ಒಂದು ಭಾಗಕ್ಕೆ ಇಂದಿಗೂ ಸ್ಪರ್ಶವಿಲ್ಲ.

ಆಮೇಲೆ ಕಂಡ ದವಡೆ ಶಸ್ತ್ರಚಿಕಿತ್ಸಕರು ಎಲ್ಲವನ್ನೂ ಬಿಡಿಸಿ ಹೇಳಿದರು. ಕೆಳದವಡೆಯ ಮೂಳೆಯೊಳಗಿನ ಕಾಲುವೆಯಲ್ಲಿ ಸಾಗುವ ನರವೇ ಕೆಳಹಲ್ಲು, ತುಟಿ, ಗದ್ದಗಳಿಗೆ ಸ್ಪರ್ಶ ಕೊಡುವುದು. ತುಟಿ ಆಡಿಸುವ ನರ ಬೇರೆ. ಹಾಗಾಗಿ ಬಾಯಿ ಸೊಟ್ಟಗಾಗುವುದಿಲ್ಲ, ನೋಡುವವರಿಗೆ ಏನೂ ಆಗಿಲ್ಲವೆಂದೇ ಅನಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ತೆಗೆದ, ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಕ್ಸ್‌-ರೇಯನ್ನು ಬೆಳಕಿಗೆ ಹಿಡಿದು ಅವರು ಬೆರಳಿಟ್ಟು ತೋರಿಸಿದರು: ಕಾಲುವೆಯ ಬಿಳಿ ಗೆರೆ ಬೇರಿನ ಬಳಿ ಅಳಿಸಿಹೋಗಿತ್ತು, ಬೇರು ಅಲ್ಲೇ ಕಪ್ಪಾಗಿತ್ತು. ಎರಡೂ ಅಪಾಯದ ಗುರುತುಗಳು. ಓಪಿಜಿ ಚಪ್ಪಟೆ ಚಿತ್ರ. ನರ ಬೇರಿನ ಯಾವ ಮಗ್ಗುಲಲ್ಲಿದೆ ಎಂಬುದು ತಿಳಿಯಲು ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ನನಗೆ ಅದನ್ನು ಬರೆದುಕೊಡಲೇ ಇಲ್ಲ.

ಹೊರಗಿನ ಗಾಯ ಎಷ್ಟೇ ಚಿಕ್ಕದಾಗಲಿ, ನರಕ್ಕೆ ಒತ್ತಿಕೊಂಡ ಬೇರನ್ನು ಮೀಟಿದರೆ ನರ ಜಜ್ಜಿಹೋಗಬಹುದು. ಇಂಥ ಕಡೆ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ಬೇರನ್ನು ಉಳಿಸುವ ಕೊರೊನೆಕ್ಟಮಿ ಎಂಬ ವಿಧಾನವಿದೆ. ಬೇರಿಗೆ ಸೋಂಕು ತಗುಲಿದ್ದರೆ, ಹಲ್ಲು ಅಲುಗಾಡುತ್ತಿದ್ದರೆ ಅದು ಹೊಂದುವುದಿಲ್ಲ. ಬಿಟ್ಟ ಬೇರು ಮುಂದೆ ಮೇಲೆ ಸರಿದು ಮತ್ತೊಮ್ಮೆ ತೆಗೆಸಬೇಕಾಗಲೂಬಹುದು. ಆದರೂ ಆ ದಾರಿ ಇದೆಯೆಂದು ನನಗೆ ಹೇಳಬೇಕಿತ್ತು. ಆ ಚಿಕಿತ್ಸಾಲಯದಲ್ಲಿ ನನ್ನನ್ನು ಕುರ್ಚಿಯಲ್ಲಿ ಒರಗಿಸಿದ ಮೇಲೆ ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಸಹಿಗೆ ಚಾಚಿದರು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ತೊಂದರೆ ಕೊಡದ ಹಲ್ಲಾದರೆ ತೆಗೆಸಲೇಬೇಕೇ ಎಂದು ಮೊದಲು ಕೇಳಿ. ಕೀಳುವವರು ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ (ದಂತವೈದ್ಯಕೀಯದ ಸ್ನಾತಕೋತ್ತರ ಪದವಿ) ಓದಿದವರೇ ಎಂದು ವಿಚಾರಿಸಿ. ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿಗೂ ಹೋಗಬಹುದು. ಈಗಾಗಲೇ ಕೀಳಿಸಿದ್ದು, ಮರುದಿನವೂ ತುಟಿ ಜೋಮು ಹಿಡಿದಿದ್ದರೆ ಫೋನಿನ ಸಮಾಧಾನಕ್ಕೆ ಸುಮ್ಮನಾಗದೆ ನೇರವಾಗಿ ಹೋಗಿ ತೋರಿಸಿ. ಅನೇಕರಿಗೆ ಕೆಲವು ವಾರ, ತಿಂಗಳುಗಳಲ್ಲಿ ಸ್ಪರ್ಶ ಮರಳುತ್ತದೆ, ಆದರೆ ನರಕ್ಕೆ ಚಿಕಿತ್ಸೆ ಬೇಕಾದವರಿಗೆ ತಡವಾದಷ್ಟೂ ಕಷ್ಟ. ಎಲ್ಲಿಂದ ಎಲ್ಲಿಯವರೆಗೆ ಮರಗಟ್ಟಿದೆ ಎಂಬುದನ್ನು ಅಂದೇ ಬರೆಸಿಕೊಳ್ಳಿ, ಎಕ್ಸ್‌-ರೇ ಪ್ರತಿಯನ್ನೂ ಕೇಳಿ ಪಡೆಯಿರಿ.