ರಿಜೆಕ್ಟ್ ಆದ ಲೇಖನ ಬೇರೆಯವರ ಹೆಸರಲ್ಲಿ: ಲೇಖನ ಕೊಳ್ಳುವ ಸೈಟುಗಳ ಬಗ್ಗೆ ಎಚ್ಚರ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಡಿಗ್ರಿ ಮುಗಿಸಿ ಮನೆಯಲ್ಲಿರುವವರ ಮೊಬೈಲಿಗೆ ಈಗ ಒಂದು ಜಾಹೀರಾತು ಜಾಸ್ತಿ ಬರುತ್ತಿದೆ. ‘ಮನೆಯಲ್ಲೇ ಕೂತು ಕನ್ನಡದಲ್ಲಿ ಲೇಖನ ಬರೆಯಿರಿ, ಪದಕ್ಕೆ ಇಷ್ಟು ಪೈಸೆ’ ಅಂತ. ಅಂಥದೊಂದು ಸೈಟಿಗೆ ನಾನು ಬರೆದೆ. ಹಣವೂ ಬರಲಿಲ್ಲ, ಬರೆದದ್ದೂ ಕೈಬಿಟ್ಟು ಹೋಯಿತು. ಸೇರುವ ಯೋಚನೆ ಇದ್ದರೆ ಇದನ್ನು ಪೂರ್ತಿ ಓದಿ.

ಈ ವ್ಯವಹಾರ ನಡೆಯುವ ರೀತಿ ಸರಳ. ಲೇಖನ ಬೇಕಾದವರು ವಿಷಯ ಹಾಕುತ್ತಾರೆ. ನಾವು ಬರೆದು ಅಪ್‌ಲೋಡ್ ಮಾಡುತ್ತೇವೆ. ಅವರು ಒಪ್ಪಿದರೆ ದುಡ್ಡು, ಇಲ್ಲದಿದ್ದರೆ ‘ರಿಜೆಕ್ಟ್’. ಸೈಟಿನವರು ನಡುವೆ ಕಮಿಷನ್ ಹಿಡಿಯುತ್ತಾರೆ. ಇಷ್ಟರಲ್ಲಿ ತಪ್ಪೇನೂ ಇಲ್ಲ. ಆನ್‌ಲೈನಿನಲ್ಲಿ ಬಿಡಿ ಕೆಲಸ ಕೊಡಿಸುವ ಫೈವರ್ ಸೈಟು ಬರೆದವರ ಗಳಿಕೆಯಲ್ಲಿ 20 ಪರ್ಸೆಂಟ್ ಹಿಡಿಯುತ್ತದೆ. ಜಾಸ್ತಿಯೇ, ಆದರೆ ಮೊದಲೇ ಹೇಳಿ ಹಿಡಿಯುತ್ತದೆ. ಆರ್ಡರ್ ಹಾಕುವಾಗಲೇ ಗಿರಾಕಿ ದುಡ್ಡು ಕಟ್ಟಿರುತ್ತಾನೆ. ಅಂಥದೇ ಇನ್ನೊಂದು ಸೈಟಾದ ಅಪ್‌ವರ್ಕ್‌ನಲ್ಲಿ ಇಡೀ ಕೆಲಸಕ್ಕೆ ಒಂದೇ ದರ ಮಾತಾಡಿಕೊಂಡರೆ ಹಣ ಮೊದಲೇ ಠೇವಣಿಯಾಗುತ್ತದೆ. ಕೆಲಸ ಒಪ್ಪಿಸಿದ ಮೇಲೆ ಗಿರಾಕಿ 14 ದಿನ ಸುಮ್ಮನಿದ್ದರೆ ಅದು ತಾನಾಗಿಯೇ ಬಿಡುಗಡೆಯಾಗುತ್ತದೆ. ನನಗೆ ಸಿಕ್ಕ ಸೈಟಿನಲ್ಲಿ ಈ ಠೇವಣಿಯೇ ಇರಲಿಲ್ಲ. ಲೇಖನ ಪೂರ್ತಿ ಅವರ ಕೈಸೇರುತ್ತಿತ್ತು. ಕೊಳ್ಳುವುದೋ ಬೇಡವೋ ಅನ್ನುವುದು ಆಮೇಲಿನ ಮಾತು.

ಪದದ ಲೆಕ್ಕದಲ್ಲೂ ಕನ್ನಡದವರಿಗೆ ನಷ್ಟವೇ. ನಮ್ಮ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನಲ್ಲಿ ಸಾವಿರ ಪದ ಹಿಡಿಯುವ ವಿಷಯ ಕನ್ನಡದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ದುಡಿಮೆ ಅಷ್ಟೇ, ಕೂಲಿ ಕಡಿಮೆ. ಇದನ್ನು ಕೇಳಿದರೆ ‘ಎಲ್ಲ ಭಾಷೆಗೂ ಒಂದೇ ದರ’ ಅಂದರು.

ಮೊದಲ ಒಂದೆರಡು ಲೇಖನ ಒಪ್ಪಿಕೊಂಡರು. ನನ್ನ ಖಾತೆಯಲ್ಲಿ ಸ್ವಲ್ಪ ಹಣವೂ ಕಾಣಿಸಿತು. ಆದರೆ ಇಂತಿಷ್ಟು ಮೊತ್ತ ಆಗುವ ತನಕ ಬ್ಯಾಂಕಿಗೆ ಹಾಕಿಕೊಳ್ಳುವ ಹಾಗಿಲ್ಲ ಅನ್ನುವ ನಿಯಮ. ಆಮೇಲೆ ನಮ್ಮ ಕೊಪ್ಪಳ ಜಿಲ್ಲೆಯ ಇಟಗಿ ಮಹಾದೇವ ದೇವಾಲಯದ ಮೇಲೆ ಪ್ರವಾಸ ಲೇಖನ ಬೇಕು ಅಂತ ಆರ್ಡರ್ ಬಂತು. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ ಅನ್ನುವುದನ್ನು ಯಾರಾದರೂ ಬರೆಯುತ್ತಾರೆ. ನಾನು ಬಸ್ಸಿನಲ್ಲಿ ಕುಕನೂರಿಗೆ ಹೋಗಿ, ಅಲ್ಲಿಂದ ಟಂಟಂ ಹಿಡಿದು ಹೋದೆ. ಕಂಬಗಳ ನುಣುಪು ಮುಟ್ಟಿ ನೋಡಿದೆ. ಪುಷ್ಕರಣಿಯ ಹತ್ತಿರ ಕೂತಿದ್ದ ಅಜ್ಜಿಯೊಬ್ಬರು ‘ಬಿಸಲಾಗ ಬರಬ್ಯಾಡವ್ವಾ, ಸಂಜಿಗೆ ಬಾ, ಗುಡಿ ಬ್ಯಾರೆನ ಕಾಣತೈತಿ’ ಅಂದಿದ್ದರು. ಆ ಮಾತನ್ನೂ ಹಾಗೇ ಸೇರಿಸಿದೆ.

‘ಗುಣಮಟ್ಟ ಸಾಲದು’ ಅಂತ ರಿಜೆಕ್ಟ್ ಆಯಿತು. ಏನು ಸಾಲದು ಅಂತ ಒಂದು ಸಾಲೂ ಇಲ್ಲ.

ಕೆಲವು ವಾರಗಳ ಮೇಲೆ ಇಟಗಿ ಬಗ್ಗೆ ಬೇರೇನೋ ಹುಡುಕುವಾಗ ಒಂದು ಪ್ರವಾಸ ಪುಟ ಸಿಕ್ಕಿತು. ತಲೆಬರಹ ಬೇರೆ, ಬರೆದವರ ಹೆಸರು ಬೇರೆ. ಒಳಗೆ ನನ್ನ ಲೇಖನ. ಅಜ್ಜಿಯ ಮಾತು ಕೂಡ ಅಕ್ಷರ ಬದಲಾಗದೆ ಇತ್ತು. ಅಷ್ಟರಲ್ಲಿ ಅದೇ ಲೇಖನವನ್ನು ನಾನು ಅದೇ ಸೈಟಿನ ಇನ್ನೊಬ್ಬ ಗಿರಾಕಿಗೆ ಕೊಟ್ಟಿದ್ದೆ. ಸೈಟಿನವರ ಕಾಪಿ ಹಿಡಿಯುವ ತಂತ್ರಾಂಶ ಅದು ‘ಈಗಾಗಲೇ ಪ್ರಕಟವಾದದ್ದು’ ಅಂತ ತೋರಿಸಿತು. ನಾನೇ ಕದ್ದೆ ಅಂತ ಹೇಳಿ ನನ್ನ ಖಾತೆ ಮುಚ್ಚಿದರು, ಅದರಲ್ಲಿದ್ದ ಹಣವೂ ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದುಡ್ಡಿಗಿಂತ ಕಳ್ಳಿ ಅನ್ನಿಸಿಕೊಂಡದ್ದು ಚುಚ್ಚಿತು.

ಕಾನೂನು ಬರೆದವರ ಪರವಾಗಿಯೇ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಸಂಬಳದ ನೌಕರಿಯಲ್ಲಿ ಇಲ್ಲದೆ ಸ್ವತಂತ್ರವಾಗಿ ಬರೆದ ಲೇಖನದ ಮೊದಲ ಹಕ್ಕು ಬರೆದವರದ್ದು. ಆ ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ ಬರವಣಿಗೆಯಲ್ಲಿ, ನಮ್ಮ ಸಹಿಯೊಂದಿಗೆ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಹಕ್ಕು ಮಾರಿದ ಮೇಲೂ ‘ಇದನ್ನು ಬರೆದವಳು ನಾನು’ ಅನ್ನುವ ಅಧಿಕಾರ ಉಳಿಯುತ್ತದೆ. ಆದ್ದರಿಂದ ಒಪ್ಪಿಗೆಯ ಬಟನ್ ಒತ್ತುವ ಮುಂಚೆ ಷರತ್ತುಗಳಲ್ಲಿ ಒಂದು ವಿಷಯ ಹುಡುಕಿ: ರಿಜೆಕ್ಟ್ ಆದ ಲೇಖನ ಯಾರದ್ದು? ಅದರ ಬಗ್ಗೆ ಮಾತೇ ಇಲ್ಲದಿದ್ದರೆ, ಅಥವಾ ಅಪ್‌ಲೋಡ್ ಆದದ್ದೆಲ್ಲ ನಮ್ಮದು ಅಂತ ಸೈಟಿನವರು ಬರೆದುಕೊಂಡಿದ್ದರೆ, ಅಲ್ಲಿಂದ ಎದ್ದು ಬನ್ನಿ. ಪೂರ್ತಿ ಲೇಖನ ಕೊಡುವ ಬದಲು ಮೊದಲ ಎರಡು ಪ್ಯಾರಾ ತೋರಿಸಿ. ಬೇಕಾದವರು ಅಷ್ಟರಲ್ಲೇ ತೀರ್ಮಾನಿಸುತ್ತಾರೆ.

ಇನ್ನೊಂದು. ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಅಂತ ಹೇಳಿ ನನ್ನ ಗಳಿಕೆಯಲ್ಲಿ ಹತ್ತು ಪರ್ಸೆಂಟ್ ಕಡಿದಿದ್ದರು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ (ನಮ್ಮ ಹೆಸರಲ್ಲಿ ಜಮಾ ಆದ ತೆರಿಗೆಯ ಪಟ್ಟಿ) ತೆಗೆದು ನೋಡಿದರೆ ನನ್ನ ಪಾನ್ ಸಂಖ್ಯೆಗೆ ಒಂದು ರೂಪಾಯಿಯೂ ಜಮಾ ಆಗಿಲ್ಲ. ಅವರ ಜಿಎಸ್‌ಟಿ ನಂಬರ್ ಕೇಳಿದೆ, ಉತ್ತರವಿಲ್ಲ. ನಂಬರ್ ಕೊಟ್ಟರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹೆಸರು, ನೋಂದಣಿ ನೋಡಬಹುದು. ಕೊಡದವರಿಗೆ ಬರೆಯಬೇಡಿ. ವಿಳಾಸವೇ ಇಲ್ಲದವರಿಗೆ ನೋಟಿಸ್ ಕಳಿಸುವುದಾದರೂ ಎಲ್ಲಿಗೆ?

ಸಿಂಧನೂರಿನ ನಮ್ಮ ಬಂಧುಗಳ ಹುಡುಗನಿಗೆ ಆದದ್ದು ಇನ್ನೂ ಕೆಟ್ಟದ್ದು. ಬರವಣಿಗೆ, ಟೈಪಿಂಗ್ ಕೆಲಸ ಅಂತ ಆನ್‌ಲೈನಿನಲ್ಲಿ ಅಗ್ರಿಮೆಂಟಿಗೆ ಸಹಿ ಹಾಕಿಸಿಕೊಂಡರು. ಆಮೇಲೆ ‘ತಪ್ಪು ಜಾಸ್ತಿ ಇದೆ, ದಂಡ ಕಟ್ಟು, ಇಲ್ಲದಿದ್ದರೆ ಕೋರ್ಟಿನಿಂದ ಪೊಲೀಸರು ಮನೆಗೆ ಬರುತ್ತಾರೆ’ ಅಂತ ವಕೀಲರ ಹೆಸರಲ್ಲಿ ಫೋನ್. ಹೆದರಿ ಅವ್ವನ ಕಿವಿಯೋಲೆ ಅಡವಿಟ್ಟು ಕಟ್ಟಿದ. ದಯವಿಟ್ಟು ಕೇಳಿ, ಬರೆದ ಕೆಲಸ ಸರಿಯಾಗಲಿಲ್ಲ ಅಂತ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ. ಅಂಥ ಫೋನ್ ಬಂದರೆ ಮನೆಯವರಿಗೆ ಹೇಳಿ, ಹಣ ಕಟ್ಟಬೇಡಿ. ಕಟ್ಟಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಲೇಖನ ಈಗಾಗಲೇ ಕಳುವಾಗಿದ್ದರೆ, ಮೊದಲು ಆ ಪುಟವನ್ನು ವೆಬ್ ಪುಟಗಳ ಪ್ರತಿ ಕಾದಿಡುವ ಸೈಟಾದ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ, ತಾರೀಖಿನ ಸಮೇತ ದಾಖಲೆ ಸಿಗುತ್ತದೆ. ಅವರಿಗೆ ಬರೆದು ಕೇಳುವುದು ಆಮೇಲೆ, ಇಲ್ಲದಿದ್ದರೆ ಅಳಿಸಿಬಿಡುತ್ತಾರೆ. ನಿಮ್ಮ ಮೂಲ ಫೈಲ್, ಅಪ್‌ಲೋಡ್ ಮಾಡಿದ ಇಮೇಲ್, ರಿಜೆಕ್ಟ್ ಸಂದೇಶ ಎಲ್ಲ ಒಂದೆಡೆ ಇಡಿ. ಗೂಗಲ್‌ನ ಕಾಪಿರೈಟ್ ದೂರಿನ ಫಾರಂ ತುಂಬಿದ ಮೇಲೆ ನನ್ನ ಲೇಖನದ ಕಳ್ಳ ಪ್ರತಿ ಹುಡುಕಾಟದಲ್ಲಿ ಬರುವುದು ನಿಂತಿತು. ಹಣ ಇನ್ನೂ ಬಂದಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಹೋಗುವಾಗ ಈ ಕಾಗದಗಳ ಎರಡು ಜೆರಾಕ್ಸ್ ಮಾಡಿಸಿಕೊಂಡು ಹೋಗಿ.