ಪಾಯಿಂಟ್ ಮೇಲೆ ಶಾರ್ಟ್: ನೇಲ್ ಪಾಲಿಷ್, ಜೂಸರ್, ಮೋಟಾರ್ ಸ್ವಿಚ್

ಮಾದರಿ ರೈಲಿಗೆ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಲೋಹದ ಫ್ರಾಗ್ ಇರುವುದನ್ನೇ ತಗೊಳ್ಳಿ. ಫ್ರಾಗ್ ಅಂದರೆ ಎರಡು ದಾರಿಯ ಒಳ ಹಳಿಗಳು ಕೂಡುವ ವಿ ಆಕಾರದ ಜಾಗ. ಅದು ಲೋಹದ್ದಾದರೆ ಪಾಯಿಂಟ್ ತಿರುಗಿದಂತೆ ಅದರ ಧ್ರುವವೂ ಬದಲಾಗಬೇಕು. ಆ ಫ್ರಾಗ್‌ಗೆ ಕರೆಂಟನ್ನು ಪಾಯಿಂಟ್ ತಿರುಗಿಸುವ ಮೋಟಾರಿನ ಒಳಗಿರುವ ಸ್ವಿಚ್ಚಿನಿಂದಲೇ ಕೊಡಿ. ಪಾಯಿಂಟ್ ಮೇಲಿನ ಶಾರ್ಟ್ ತಪ್ಪಿಸುವ ಉಳಿದ ದಾರಿಗಳನ್ನೂ ನನ್ನ ಎಚ್‌ಒ (1:87 ಅಳತೆಯ) ಲೇಔಟ್‌ನಲ್ಲಿ ಓಡಿಸಿ ನೋಡಿದ್ದೇನೆ.

ನನ್ನ ಮೊದಲ ಪಾಯಿಂಟ್‌ಗಳು ಪ್ಲಾಸ್ಟಿಕ್ ಫ್ರಾಗ್‌ನವು. ವೈರಿಂಗ್ ಏನೂ ಬೇಡ, ಕೂರಿಸಿದರೆ ಆಯಿತು. ಡಿಸಿಯಲ್ಲಿ (ಹಳಿಗೆ ಕೊಡುವ ವೋಲ್ಟೇಜ್‌ನಿಂದಲೇ ವೇಗ ಹಿಡಿಯುವ ಹಳೆಯ ಕ್ರಮ) ಓಡಿಸುವಾಗ ತೊಂದರೆಯೇ ಕಾಣಲಿಲ್ಲ. ಡಿಸಿಸಿಗೆ (ಹಳಿಯ ಮೂಲಕ ಪ್ರತಿ ಇಂಜಿನ್‌ಗೂ ಡಿಜಿಟಲ್ ಆದೇಶ ಕಳಿಸುವ ಕ್ರಮ) ಬಂದ ಮೇಲೆ ಶುರುವಾಯಿತು. ಆರು ಗಾಲಿಯ ಬೋಗಿ ಇರುವ ಒಂದು ಇಂಜಿನ್ ಪಾಯಿಂಟ್ ದಾಟುವಾಗ ಇಡೀ ಲೇಔಟ್ ನಿಂತುಹೋಗುತ್ತಿತ್ತು. ಅದೂ ಪ್ರತಿ ಸಲ ಅಲ್ಲ, ಯಾವಾಗಲೋ ಒಮ್ಮೆ. ಬೇರೆ ಇಂಜಿನ್‌ಗಳು ಸಲೀಸಾಗಿ ಹೋಗುತ್ತಿದ್ದವು.

ಹೀಗೆ ಬಂದು ಹೋಗುವ ಶಾರ್ಟ್ ಹುಡುಕುವುದೇ ಕಷ್ಟ. ಮಲ್ಟಿಮೀಟರ್ ಹಿಡಿದರೆ ಎಲ್ಲಾ ಸರಿ ಅಂತಲೇ ತೋರಿಸುತ್ತದೆ. ಕೋಣೆಯ ದೀಪ ಆರಿಸಿ, ಇಂಜಿನ್ ತುಂಬಾ ನಿಧಾನವಾಗಿ ಬಿಟ್ಟು, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ನೋಡಿ. ಕಿಡಿ ಎಲ್ಲಿ ಹಾರುತ್ತದೋ ಅಲ್ಲಿ ಮಾರ್ಕರ್‌ನಿಂದ ಗುರುತು ಮಾಡಿ. ಕಿಡಿ ಬ್ಲೇಡ್ (ಪಾಯಿಂಟ್‌ನಲ್ಲಿ ಆಚೀಚೆ ಸರಿಯುವ ಚೂಪು ಹಳಿ) ಹತ್ತಿರ ಬಂದರೆ ಗಾಲಿಯ ಹಿಂಭಾಗ ತೆರೆದಿರುವ ಬ್ಲೇಡ್‌ಗೆ ತಾಗುತ್ತಿದೆ ಅಂತ ಅರ್ಥ. ಎರಡು ಗಾಲಿಗಳ ನಡುವಿನ ಅಂತರವನ್ನು ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಗೇಜ್ ಇಟ್ಟು ನೋಡಬೇಕು. ನನಗೆ ಕಿಡಿ ಬಂದಿದ್ದು ಫ್ರಾಗ್‌ನ ತುದಿಯಲ್ಲಿ.

ಅಲ್ಲಿ ಎದುರು ಧ್ರುವದ ಎರಡು ಹಳಿಗಳು ತೀರಾ ಹತ್ತಿರ ಬರುತ್ತವೆ. ನಡುವೆ ಇರುವುದು ಪ್ಲಾಸ್ಟಿಕ್‌ನ ಸಣ್ಣ ತುಂಡು ಅಷ್ಟೇ. ಗಾಲಿ ಸ್ವಲ್ಪ ಪಕ್ಕಕ್ಕೆ ಸರಿದರೆ ಎರಡು ಹಳಿಗಳನ್ನೂ ಒಟ್ಟಿಗೆ ಮುಟ್ಟುತ್ತದೆ. ಗಾಲಿಯ ಅಗಲವೂ ಒಂದೇ ಥರ ಇರುವುದಿಲ್ಲ: ಕೋಡ್ 110 ಎನ್ನುವ ಗಾಲಿ ಸುಮಾರು 2.8 ಮಿ.ಮೀ. ಅಗಲ, ಕೋಡ್ 88 ಸುಮಾರು 2.2 ಮಿ.ಮೀ. ಹಾಗಾಗಿ ಒಂದು ಗಾಡಿ ದಾಟುತ್ತದೆ, ಇನ್ನೊಂದು ನಿಲ್ಲುತ್ತದೆ. ಡಿಸಿಯಲ್ಲಿ ಇದೇ ತಾಗುವಿಕೆ ಗೊತ್ತೇ ಆಗದೆ ಹೋಗಬಹುದು. ಡಿಸಿಸಿ ಬೂಸ್ಟರ್ (ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮಾತ್ರ ಕ್ಷಣದಲ್ಲಿ ಕರೆಂಟ್ ಕಡಿದುಬಿಡುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು ನೇಲ್ ಪಾಲಿಷ್. ಪ್ಲಾಸ್ಟಿಕ್ ಮುಗಿಯುವಲ್ಲಿ ಹಳಿಯ ತಲೆಯ ಮೇಲೆ ಕೆಲವು ಮಿ.ಮೀ. ಉದ್ದಕ್ಕೆ ಹಚ್ಚಿದರೆ ಶಾರ್ಟ್ ನಿಜವಾಗಲೂ ನಿಲ್ಲುತ್ತದೆ. ಆದರೆ ಗಾಲಿ ಉಜ್ಜಿ ಪಾಲಿಷ್ ಸವೆಯುತ್ತದೆ. ಹಳಿ ಒರೆಸುವ ರಬ್ಬರ್‌ಗೂ ಅದು ಕಿತ್ತುಬರುತ್ತದೆ. ನಾನು ಪ್ರತಿ ಸಲ ಓಡಿಸುವ ಮುನ್ನ ಹಳಿ ಒರೆಸುತ್ತೇನೆ. ನನ್ನಂಥವರಿಗೆ ಇದು ಮುಗಿಯದ ಕೆಲಸ. ಜೊತೆಗೆ ಕರೆಂಟ್ ಇಲ್ಲದ ಜಾಗ ಉದ್ದವಾದಷ್ಟೂ ಪುಟ್ಟ ನಾಲ್ಕು ಗಾಲಿಯ ಇಂಜಿನ್ ಅಲ್ಲೇ ನಿಲ್ಲುತ್ತದೆ.

ಲೋಹದ ಫ್ರಾಗ್ ಹಾಕಿ, ಅದರ ಕರೆಂಟಿಗೆ ಬ್ಲೇಡ್ ಹೊರ ಹಳಿಗೆ ತಾಗುವುದನ್ನೇ ನಂಬಿ ಓಡಿಸಬಹುದು. ಧೂಳು ಕೂತ ಮೇಲೆ ಅದು ಕೈಕೊಡುತ್ತದೆ.

ಫ್ರಾಗ್‌ನ ಧ್ರುವವನ್ನು ತಾನಾಗಿ ಬದಲಿಸುವ ಫ್ರಾಗ್ ಜೂಸರ್ ಎಂಬ ಸರ್ಕ್ಯೂಟ್ ಜಾಣ ಸಾಧನ, ಒಪ್ಪುತ್ತೇನೆ. ಫ್ರಾಗ್‌ಗೆ ಒಂದೇ ವೈರ್. ಶಾರ್ಟ್ ಆದ ಕೂಡಲೇ ಬೂಸ್ಟರ್‌ಗಿಂತ ಬೇಗ ಧ್ರುವ ಬದಲಿಸುತ್ತದೆ. ಕೈಯಿಂದ ತಿರುಗಿಸುವ ಪಾಯಿಂಟ್‌ಗೆ ಚೆನ್ನ. ಆದರೆ ಡಿಸಿಸಿಗೆ ಮಾತ್ರ ಆಗುತ್ತದೆ. ಪಾಯಿಂಟ್‌ಗಳು ಜಾಸ್ತಿ ಇದ್ದರೆ ಖರ್ಚೂ ಏರುತ್ತದೆ.

ನನ್ನ ಮೆಚ್ಚಿನದು ಟಾರ್ಟಾಯ್ಸ್ ಥರದ ನಿಧಾನದ ಮೋಟಾರ್. ಅದರೊಳಗೆ ಮೂರು ಕಾಲಿನ ಎರಡು ಸ್ವಿಚ್ ಇರುತ್ತವೆ. ಒಂದು ಸ್ವಿಚ್ಚಿನ ಕಾಮನ್ ಕಾಲಿಗೆ ಫ್ರಾಗ್‌ನ ವೈರ್, ಉಳಿದ ಎರಡಕ್ಕೆ ಎರಡು ಹೊರ ಹಳಿಗಳ ವೈರ್. ಮೊದಲ ರೈಲಿಗೇ ಶಾರ್ಟ್ ಆದರೆ ಹೊರ ಹಳಿಗಳ ಆ ಎರಡು ವೈರ್ ಅದಲು ಬದಲು ಮಾಡಿ. ಆಗಲೂ ಹೋಗದಿದ್ದರೆ ಫ್ರಾಗ್ ದಾಟಿದ ಮೇಲಿನ ಎರಡು ಒಳ ಹಳಿಗಳಿಗೆ ಪ್ಲಾಸ್ಟಿಕ್ ಜಾಯಿನರ್ (ಕರೆಂಟ್ ದಾಟಲು ಬಿಡದ ಹಳಿ ಜೋಡಕ) ಹಾಕಿದ್ದೀರಾ ನೋಡಿ. ಇನ್ನೊಂದು ಮಾತು. ಮೋಟಾರ್ ನಿಧಾನ ತಿರುಗುವುದರಿಂದ ಬ್ಲೇಡ್ ಹಳೆಯ ಹಳಿ ಬಿಡುವ ಮೊದಲೇ ಸ್ವಿಚ್ ಬದಲಾಗಿ ಒಂದು ಕ್ಷಣ ಶಾರ್ಟ್ ಆಗಬಹುದು. ಬ್ಲೇಡ್ ಮತ್ತು ಫ್ರಾಗ್ ನಡುವೆ ಕಡಿತ ಇರುವ ಪಾಯಿಂಟ್ ಆದರೆ ಈ ಚಿಂತೆ ಇಲ್ಲ.

ತಪ್ಪು ದಾರಿಗೆ ತಿರುಗಿಸಿದ ಪಾಯಿಂಟ್‌ಗೆ ಫ್ರಾಗ್‌ನ ಕಡೆಯಿಂದ ರೈಲು ನುಗ್ಗಿದರೆ ಈ ಜೋಡಣೆಯಲ್ಲಿ ಶಾರ್ಟ್ ಆಗಿ ನಿಲ್ಲುತ್ತದೆ. ಕೆಲವರಿಗೆ ಇದು ಕೊರತೆ. ನನಗೆ ಬೇಕಾಗಿರುವುದೇ ಅದು, ಬ್ಲೇಡ್ ತಲುಪಿ ಹಳಿ ತಪ್ಪುವ ಮೊದಲೇ ಗಾಡಿ ನಿಂತಿರುತ್ತದೆ ಅಲ್ವಾ?

ಎಲ್ಲಾ ಪಾಯಿಂಟ್‌ಗೂ ಒಟ್ಟಿಗೆ ಮೋಟಾರ್ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಹಾಗಾಗಿ ಮುಖ್ಯ ಹಳಿಗೆ ಮೊದಲು ಮೋಟಾರ್. ಯಾರ್ಡ್‌ನಲ್ಲಿ ಕೈಗೆ ಸಿಗುವ ಪಾಯಿಂಟ್‌ಗಳಿಗೆ ಸ್ಲೈಡ್ ಸ್ವಿಚ್ ಕಟ್ಟಿದ್ದೇನೆ. ಅದನ್ನು ತಳ್ಳಿದರೆ ತಂತಿ ಬ್ಲೇಡನ್ನೂ ಎಳೆಯುತ್ತದೆ, ಫ್ರಾಗ್‌ನ ಧ್ರುವವೂ ಬದಲಾಗುತ್ತದೆ.