ಸಾದಾ ಕೀಬೋರ್ಡನ್ನು ಮೆಕ್ಯಾನಿಕಲ್ ಮಾಡಿಕೊಡ್ತೀವಿ ಅಂದರೆ ದುಡ್ಡು ಹಾಕಬೇಡಿ

ಪೂರ್ತಿ ಓದೋಕೆ ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಇರುವ 500–600 ರೂಪಾಯಿಯ ಕೀಬೋರ್ಡಿಗೆ ಏನು ಮಾಡಿಸಿದರೂ ಅದು ಮೆಕ್ಯಾನಿಕಲ್ (ಒಂದೊಂದು ಕೀ ಕೆಳಗೂ ಬೇರೆ ಬೇರೆ ಸ್ವಿಚ್ ಇರುವಂಥದ್ದು) ಆಗಲ್ಲ. ಮಾಡಿಕೊಡ್ತೀವಿ ಅಂತ ಯಾರಾದರೂ ಅಂದರೆ ನಂಬಬೇಡಿ. ನಾನು ನಂಬಿ 2,400 ರೂಪಾಯಿ ಕಳೆದುಕೊಂಡಿದ್ದೇನೆ.

ನಾನು ತುಮಕೂರಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಕರಪತ್ರ, ಕೋರ್ಟಿನ ಅರ್ಜಿ, ಬೆಳಗ್ಗೆಯಿಂದ ರಾತ್ರಿವರೆಗೆ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲೇ ಟೈಪಿಂಗ್. ನುಡಿ ಬಳಸುವವರಿಗೆ ಎಫ್ ಕೀ ಎಷ್ಟು ಮುಖ್ಯ ಅಂತ ಗೊತ್ತಿರುತ್ತೆ. ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಲೇಬೇಕು. ‘ಅಮ್ಮ’ ಅಂತ ಬರೆಯೋಕೆ ಎ, ಎಂ, ಎಫ್, ಎಂ. ಎಫ್ ತಪ್ಪಿದರೆ ‘ಅಮಮ’. ದಿನಕ್ಕೆ ಸಾವಿರಾರು ಸಲ ಅದೇ ಕೀ ಮೇಲೆ ಬೆರಳು ಬೀಳುತ್ತೆ. ನಾಲ್ಕು ವರ್ಷ ದುಡಿದ ನನ್ನ ಕೀಬೋರ್ಡಿನಲ್ಲಿ ಅದು ಮೆತ್ತಗಾಗಿಬಿಟ್ಟಿತ್ತು. ಒತ್ತಿ ಒತ್ತಿ ಬೆರಳು ನೋವು ಬರ್ತಿತ್ತು.

ಅಂಗಡಿಯಲ್ಲಿ ಕೇಳಿದರೆ, ಒತ್ತಿದಾಗ ಟಕ್ ಅನ್ನುವ ನೀಲಿ ಸ್ವಿಚ್‌ನ ಮೆಕ್ಯಾನಿಕಲ್ 2,700 ಅಂದರು. ತಗೊಳ್ಳೋಣ ಅಂತಿದ್ದೆ. ಅಷ್ಟರಲ್ಲಿ ಆನ್‌ಲೈನ್‌ನಲ್ಲಿ ಒಬ್ಬ ಹಾಕಿದ್ದ ಜಾಹೀರಾತಿನ ಫೋಟೋ ಕಣ್ಣಿಗೆ ಬಿತ್ತು. ‘ನಿಮ್ಮ ಹಳೇ ಕೀಬೋರ್ಡ್ ಕೊಡಿ, ಕಸ್ಟಮ್ ಮೆಕ್ಯಾನಿಕಲ್ ಮಾಡಿಕೊಡ್ತೀವಿ, ಕನ್ನಡ ಕೀಕ್ಯಾಪ್ ಸಮೇತ.’ ಕೀಕ್ಯಾಪ್ ಅಂದರೆ ಕೀ ಮೇಲಿನ ಅಕ್ಷರ ಇರುವ ಮುಚ್ಚಳ. ಆ ಕನ್ನಡ ಅನ್ನೋ ಮಾತಿಗೇ ನಾನು ಬಿದ್ದಿದ್ದು, ಸತ್ಯ ಹೇಳ್ತೀನಿ. ಇಷ್ಟು ವರ್ಷ ಕನ್ನಡ ಟೈಪ್ ಮಾಡಿ ಹೊಟ್ಟೆ ಹೊರೆದಿದ್ದೇನೆ, ಒಂದು ಸಲವೂ ನನ್ನ ಕೀ ಮೇಲೆ ಕನ್ನಡ ಅಕ್ಷರ ನೋಡಿರಲಿಲ್ಲ.

ಲೆಕ್ಕ ಕಳಿಸಿದ. ಸ್ವಿಚ್‌ಗೆ 1,300, ಒಳಗೆ ಹಾಕುವ ಫೋಮ್‌ಗೆ 250, ಲ್ಯೂಬ್ ಮಾಡೋಕೆ (ಅಂದರೆ ಗ್ರೀಸ್ ಹಚ್ಚೋಕೆ) 350, ಕನ್ನಡ ಕೀಕ್ಯಾಪ್‌ಗೆ 500. ‘ಅಂಗಡಿ ಪೀಸ್ ಯಾಕೆ ಅಣ್ಣ, ಇದು 6,000ದ ಕ್ವಾಲಿಟಿ ಕೊಡುತ್ತೆ’ ಅಂದ. ಹೀಗೆ ಬಿಡಿ ಬಿಡಿ ಲೆಕ್ಕ ಕೊಟ್ಟರೆ ಕೆಲಸ ಗೊತ್ತಿರುವವನು ಅಂತ ಅನಿಸುತ್ತೆ ಅಲ್ವಾ? ನನಗೂ ಹಾಗೇ ಅನಿಸಿತು. ಪೂರ್ತಿ ದುಡ್ಡು ಯುಪಿಐನಲ್ಲಿ ಹಾಕಿದೆ. ಬಿಲ್ ಕೇಳಲಿಲ್ಲ. ಕೀಬೋರ್ಡನ್ನೂ ಕೊರಿಯರ್ ಮಾಡಿದೆ.

18 ದಿನ ಆದ ಮೇಲೆ ಬಂತು. ಹೊಸದರ ಹಾಗೆ ಹೊಳೀತಿತ್ತು. ನನ್ನ ಹಳೇ ಕೀಬೋರ್ಡಿನ ಮೂಲೆಯಲ್ಲಿ ಊದುಬತ್ತಿ ಬಿದ್ದು ಸುಟ್ಟ ಗುರುತು ಇತ್ತು, ಇದರಲ್ಲಿ ಇರಲಿಲ್ಲ. ಕೇಳಿದ್ದಕ್ಕೆ ‘ಬಾಡಿಗೆ ಪೇಂಟ್ ಹೊಡೆದಿದ್ದೀವಿ ಅಣ್ಣ’ ಅಂದ. ಕನ್ನಡ ಕೀಕ್ಯಾಪ್ ಅಂದಿದ್ದು ಬರೀ ಸ್ಟಿಕ್ಕರ್. ಅದೂ ಎಚ್ ಮೇಲೆ ಪ, ಡಿ ಮೇಲೆ ಅರ್ಧಾಕ್ಷರದ ಗುರುತು. ಅದು ಇನ್‌ಸ್ಕ್ರಿಪ್ಟ್ ವಿನ್ಯಾಸ, ಕನ್ನಡ ಟೈಪಿಂಗಿನ ಬೇರೆಯೇ ಕೀ ಜೋಡಣೆ! ನುಡಿಯದ್ದು ಬೇಕು ಅಂತ ಎರಡು ಸಲ ಬರೆದು ಕಳಿಸಿದ್ದೆ. ಕೇಳಿದರೆ, ‘ಕನ್ನಡ ಅಂದ್ರೆ ಕನ್ನಡ ಅಲ್ವಾ ಅಣ್ಣ, ಎಲ್ಲಾ ಒಂದೇ.’ ಕನ್ನಡದಲ್ಲೇ ಬದುಕುವವನಿಗೆ ಹೇಳೋ ಮಾತಾ ಇದು? ಆವತ್ತೇ ವಾಪಸ್ ಕಳಿಸಬೇಕಿತ್ತು. ಟಕ್ ಟಕ್ ಅಂತ ಸದ್ದು ಚೆನ್ನಾಗಿ ಬರ್ತಿತ್ತು, ಅಷ್ಟಕ್ಕೇ ಸುಮ್ಮನಾದೆ.

ಮೂರನೇ ದಿನ ಎಫ್ ಕೈಕೊಟ್ಟಿತು. ಒತ್ತಿದರೆ ಕೆಳಗೇ ಕೂತುಬಿಡುತ್ತೆ, ನಿಧಾನಕ್ಕೆ ಮೇಲೆ ಬರುತ್ತೆ, ಅಷ್ಟರಲ್ಲಿ ಮುಂದಿನ ಒತ್ತಕ್ಷರ ತಪ್ಪಿಹೋಗಿರುತ್ತೆ. ಲಗ್ನಪತ್ರಿಕೆ ಕೆಲಸ ಬೇರೆ ರಾಶಿ ಬಿದ್ದಿತ್ತು. ಹುಡುಗಿಯ ಅಪ್ಪ ಪಕ್ಕದಲ್ಲೇ ಕೂತು ಪ್ರೂಫ್ ನೋಡ್ತಿದ್ದರು. ‘ಆಮಂತರಣ’ ಅಂತ ಇತ್ತು. ಅದರ ಕೆಳಗೆ ಅವರ ಹೆಸರಿನ ಕೊನೆ ‘ಪ್ಪ’ ಹೋಗಿ ‘ಪಪ’ ಆಗಿತ್ತು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ‘ನೀವೇ ಒಂದ್ಸಲ ಓದಿ’ ಅಂತ ಹಾಳೆಯನ್ನು ನನ್ನ ಕಡೆ ತಳ್ಳಿದರು. ಬೈದಿದ್ದರೇ ವಾಸಿಯಿತ್ತು. ಎಷ್ಟೋ ವರ್ಷದಿಂದ ನಮ್ಮಲ್ಲೇ ಮಾಡಿಸುವ ಮನೆ ಅದು.

ಆವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ ಎಫ್ ಕ್ಯಾಪ್ ಎಬ್ಬಿಸಿದೆ. ಕೆಳಗೆ ನೀಲಿ ಬಣ್ಣದ್ದು, ಮೇಲೆ ಕೂಡಿಸುವ ಚಿಹ್ನೆಯ ಆಕಾರ. ನೀಲಿ ಸ್ವಿಚ್ ಇದೆಯಲ್ಲ, ಸದ್ಯ ಅಂದುಕೊಂಡೆ. ಆದರೂ ಸಮಾಧಾನ ಆಗಲಿಲ್ಲ. ಹಿಂದಿನ ಸ್ಕ್ರೂ ಎಲ್ಲ ಬಿಚ್ಚಿ ಮುಚ್ಚಳ ಎತ್ತಿದೆ.

ಒಳಗೆ ಒಂದೇ ಒಂದು ರಬ್ಬರ್ ಹಾಳೆ. ಸಾಲಾಗಿ ಸಣ್ಣ ಸಣ್ಣ ಗುಬುಟು. ಅದರ ಕೆಳಗೆ ಗೆರೆ ಗೆರೆ ಇರುವ ತೆಳು ಪ್ಲಾಸ್ಟಿಕ್ ಹಾಳೆಗಳು. ಅಷ್ಟೇ. ಸ್ವಿಚ್ ಅನ್ನೋದೇ ಇಲ್ಲ! ಮೆಕ್ಯಾನಿಕಲ್‌ನಲ್ಲಿ ಒಂದೊಂದು ಕೀಗೂ ಬೇರೆ ಬೇರೆ ಸ್ವಿಚ್ ಇರುತ್ತೆ, ಪ್ರತಿಯೊಂದರಲ್ಲೂ ಒಂದು ಸ್ಪ್ರಿಂಗ್, ಒಂದು ಲೋಹದ ಎಲೆ ಇರುತ್ತೆ, ಕೆಳಗೆ ಪಿನ್ನು ಸರ್ಕ್ಯೂಟ್ ಬೋರ್ಡಿಗೆ ಕೂತಿರುತ್ತೆ. ಇಲ್ಲಿ ಆ ನೀಲಿ ತುಂಡು ರಬ್ಬರ್ ಗುಬುಟನ್ನು ಅಮುಕುವ ಬರೀ ಪ್ಲಾಸ್ಟಿಕ್. ಬಣ್ಣ, ಆಕಾರ ಎರಡೂ ಸ್ವಿಚ್ ಅಂತ ಕಾಣಲಿ ಅಂತಲೇ ಮಾಡಿದ್ದು. ಎಫ್ ಹತ್ತಿರ ಗ್ರೀಸ್ ಮೆತ್ತಿ ಮೆತ್ತಿ ರಬ್ಬರಿಗೆಲ್ಲ ಅಂಟಿಕೊಂಡಿತ್ತು. 350 ರೂಪಾಯಿಯ ಲ್ಯೂಬ್ ಅದೇ. ಫೋಮ್ ಅಂದರೆ ಟಿವಿ ಪ್ಯಾಕಿಂಗ್‌ಗೆ ಸುತ್ತಿ ಬರುವ ಬಿಳಿ ಹಾಳೆ. ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮನೆಯಲ್ಲಿ ಹೇಳೋಕೂ ಆಗಲಿಲ್ಲ.

ಫೋಟೋ ತೆಗೆದು ಕಳಿಸಿದೆ. ಅವನ ಉತ್ತರ ಹೇಗೆ ಬಂತು ನೋಡಿ. ದುಡ್ಡು ಹಾಕೋವರೆಗೂ ‘ಅಣ್ಣ, ಅಣ್ಣ’ ಅಂತಿದ್ದವನು ಈಗ ‘ಬ್ರೋ’.

‘ಓಪನ್ ಮಾಡಿದ್ದೀರಾ ಬ್ರೋ, ವಾರಂಟಿ ಹೋಯ್ತು.’

ಸ್ವಿಚ್ ಎಲ್ಲಿ ಅಂತ ಕೇಳಿದೆ.

‘ಆ ನೀಲಿ ಪೀಸೇ ಸ್ವಿಚ್ ಬ್ರೋ.’

ಅಲ್ಲ, ಇದು ರಬ್ಬರ್ ಮೇಲೆ ಕೂತಿದೆ, ಸ್ಪ್ರಿಂಗ್ ಎಲ್ಲಿದೆ ತೋರಿಸಿ ಅಂದೆ.

‘ನಾವು ಮೆಕ್ಯಾನಿಕಲ್ ಅಂತ ಎಲ್ಲಿ ಹೇಳಿದ್ವಿ? ಮೆಕ್ಯಾನಿಕಲ್ ಫೀಲ್ ಅಂದ್ವಿ.’

ಹಿಂದಕ್ಕೆ ಹೋಗಿ ನೋಡಿದರೆ ಅವನ ಹಳೇ ಮೆಸೇಜ್ ಎಲ್ಲ ಡಿಲೀಟ್. ಸ್ವಿಚ್‌ಗೆ 1,300 ಅಂತ ಬರೆದಿದ್ದ ಲೆಕ್ಕವೂ ಇಲ್ಲ. ನಾನು ಬರೆದಿದ್ದು ಮಾತ್ರ ಉಳಿದಿತ್ತು, ‘ಸರಿ, ದುಡ್ಡು ಹಾಕಿದ್ದೇನೆ’ ಅಂತ. ನನ್ನ ಹಳೇ ಕೀಬೋರ್ಡಾದರೂ ವಾಪಸ್ ಕೊಡಿ ಅಂದೆ. ‘ಅದು ಸ್ಕ್ರ್ಯಾಪ್‌ಗೆ ಹೋಯ್ತು.’ ಹಾಗಾದರೆ ಪೇಂಟ್ ಹೊಡೆದಿದ್ದು ಯಾವುದಕ್ಕೆ? ಇದಕ್ಕೆ ಉತ್ತರ ಇಲ್ಲ. ನೀಲಿ ಟಿಕ್ ಬಿತ್ತು, ಅಷ್ಟೇ.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಎರಡನೇ ಅಂಗಡಿಯಲ್ಲೇ ಅದೇ ಕೀಬೋರ್ಡ್ ನೇತುಹಾಕಿದ್ದರು, ಸ್ಟಿಕ್ಕರ್ ಇಲ್ಲ, ಅಷ್ಟೇ ವ್ಯತ್ಯಾಸ. 750 ರೂಪಾಯಿ. ಅಂಗಡಿಯವರು ನಾನು ಕೇಳುವ ಮೊದಲೇ ‘ಇದು ಮೆಂಬ್ರೇನ್ ಸರ್, ಮೆಕ್ಯಾನಿಕಲ್ ಅಲ್ಲ’ ಅಂದರು. ಮೆಂಬ್ರೇನ್ ಅಂದರೆ ನಾನು ಒಳಗೆ ನೋಡಿದ ಆ ರಬ್ಬರ್, ಪ್ಲಾಸ್ಟಿಕ್ ಹಾಳೆಯದ್ದೇ. 750ರ ಮಾಲು ಮಾರುವವರು ನೇರವಾಗಿ ಹೇಳ್ತಾರೆ, 2,400 ತಗೊಂಡವನು ಹೇಳಲಿಲ್ಲ.

ಅಲ್ಲೇ ನಿಜವಾದ ಮೆಕ್ಯಾನಿಕಲ್ ತಗೊಂಡೆ, ಸ್ವಿಚ್ ಕಿತ್ತು ಹಾಕೋಕೆ ಬರುವಂಥದ್ದು. ಅವರು ಚಿಮಟದಂಥ ಪುಲ್ಲರ್‌ನಲ್ಲಿ ಎಫ್ ಸ್ವಿಚ್ಚನ್ನೇ ಕಿತ್ತು ನನ್ನ ಅಂಗೈ ಮೇಲೆ ಇಟ್ಟರು. ಕೆಳಗೆ ಎರಡು ತಾಮ್ರದ ಪಿನ್ನು. ನಾಳೆ ಎಫ್ ಹೋದರೆ ಅದೊಂದನ್ನೇ ಬದಲಾಯಿಸಿದರೆ ಸಾಕು. ಮೊದಲೇ ಹೋಗಿದ್ದರೆ 2,700ಕ್ಕೆ ಮುಗಿಯುತ್ತಿತ್ತು. ಈಗ ಒಟ್ಟು 5,100, ಕೊರಿಯರ್ ಖರ್ಚು ಬೇರೆ.

ಸಾದಾ ಕೀಬೋರ್ಡ್ ಮೇಲೆ ಪ್ರೀತಿ ಇದ್ದರೆ ನೀವೇ ಬಿಚ್ಚಿ ತೊಳೆದು ಒರೆಸಿ, ಫೋಮ್ ಹಾಕಿಕೊಳ್ಳಿ, ಸದ್ದು ಸ್ವಲ್ಪ ಬದಲಾಗುತ್ತೆ. ಅದಕ್ಕಿಂತ ಜಾಸ್ತಿ ಏನೂ ಆಗಲ್ಲ. ಮೆಕ್ಯಾನಿಕಲ್ ಬೇಕಾದರೆ ಮೆಕ್ಯಾನಿಕಲ್ಲನ್ನೇ ಕೊಳ್ಳಿ. ಸ್ವಿಚ್ ಯಾವ ಕಂಪನಿಯದ್ದು ಅಂತ ಕೇಳಿ, ಗೇಟ್‌ರಾನ್, ಔಟೆಮು, ಏನೋ ಒಂದು ಹೆಸರು ಬರಬೇಕು. ‘ಫೀಲ್’ ಅನ್ನೋ ಪದ ಬಂದರೆ ಎದ್ದು ಬನ್ನಿ. ಬಿಲ್ ಇಲ್ಲದೆ ಒಂದು ರೂಪಾಯಿ ಹಾಕಬೇಡಿ. ಬಿಲ್ ಇದ್ದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಧೈರ್ಯವಾಗಿ ಫೋನ್ ಮಾಡುತ್ತಿದ್ದೆ. ಮತ್ತೆ ಅವರ ಮೆಸೇಜ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಿ, ದಯವಿಟ್ಟು ತೆಗೆದಿಡಿ.

ನಿನ್ನೆ ಅವನು ಅದೇ ಫೋಟೋ ಮತ್ತೆ ಹಾಕಿದ್ದಾನೆ. ಈಗ ರೇಟು 2,800. ಕೆಳಗೆ ಯಾರೋ ಒಬ್ಬ ಹುಡುಗ ‘ಅಣ್ಣ, ನುಡಿ ಲೇಔಟ್ ಸಿಗುತ್ತಾ?’ ಅಂತ ಕೇಳಿದ್ದ. ಬೇಡಪ್ಪ ಅಂತ ನಾನು ಬರೆದೆ. ಐದು ನಿಮಿಷದಲ್ಲಿ ನನ್ನ ಮಾತು ಅಲ್ಲಿಂದ ಅಳಿಸಿಹೋಯಿತು. ಆ ಹುಡುಗನಿಗೆ ಇದು ಕಾಣಲಿ ಅಂತಲೇ ಇಷ್ಟುದ್ದ ಬರೆದಿದ್ದೇನೆ.